ಅಪ್‌ಡೇಟ್: ಕಾಲೇಜು ವೆಬ್‌ಸೈಟುಗಳ ವಿನ್ಯಾಸಕ್ಕೆ ಅಂಕ ಕೊಡುವುದು ಹೇಗೆ?

ಕಾಲೇಜು, ವಿಶ್ವವಿದ್ಯಾಲಯಗಳ ವೆಬ್‌ಸೈಟಿನ ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ ಎಂದು ಕೇಳಿದ್ದೆ. ‘ಅಂದ ನೋಡಬೇಡಿ, ಸೈಟಿನಲ್ಲಿ ಏನಾದರೂ ಹುಡುಕುವ ಕೆಲಸ ಒಬ್ಬರಿಗೆ ಕೊಟ್ಟು ನೋಡಿ’ ಅಂದವರಿಗೆ ಥ್ಯಾಂಕ್ಸ್. ಹಾಗೇ ಮಾಡಿದೆ.

ಕಾಲೇಜು ಸೇರಬೇಕೆಂದಿರುವ ಹುಡುಗಿಯ ಕೈಗೆ ಫೋನ್ ಕೊಟ್ಟು, ಒಂದು ಕೋರ್ಸಿನ ಶುಲ್ಕ ಹುಡುಕಲು ಹೇಳಿದೆ. ಮುಖಪುಟದಲ್ಲಿ ದೊಡ್ಡ ದೊಡ್ಡ ಫೋಟೋಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಅವಳು ಒಂದನ್ನೂ ನೋಡಲಿಲ್ಲ, ಸರಸರ ಕೆಳಗಿಳಿದಳು. ಮೆನುವಿನಲ್ಲಿ ಇದ್ದದ್ದು ಆಡಳಿತ ಮಂಡಳಿ, ಕುಲಪತಿಗಳ ಸಂದೇಶ, ಸಮಿತಿಗಳು. ಶುಲ್ಕ ಕೊನೆಗೆ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ, ಅದೂ ಪುಟ ಅಡ್ಡ ತಿರುಗಿತ್ತು! ಇಂಥ ಸ್ಕ್ಯಾನ್ ಬರೀ ಚಿತ್ರ ಅಲ್ವಾ? ಅದರೊಳಗೆ ಪದ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಲೆಕ್ಕಕ್ಕೆ ಸಿಗುವ ಅಳತೆಗಳನ್ನೂ ಸೇರಿಸಿಕೊಂಡೆ. ವೆಬ್‌ಸೈಟು ಎಲ್ಲರಿಗೂ ಬಳಸಲು ಆಗಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ (WCAG) ನಿಯಮಗಳ ಎಎ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಇರಬೇಕು. ತಿಳಿ ಬೂದು ಅಕ್ಷರಗಳು ಇಲ್ಲೇ ಸೋಲುತ್ತವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಒಳ್ಳೆಯದು ಅಂತ ಗೂಗಲ್ ಹೇಳುತ್ತದೆ. ಬಳಸಿದವರಿಗೆ ಏನನ್ನಿಸಿತು ಅನ್ನುವುದಕ್ಕೆ 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅನ್ನುವ ಪ್ರಶ್ನಾವಳಿ ಸಾಕು. ಬರೀ 10 ಪ್ರಶ್ನೆ, ಸರಾಸರಿ ಅಂಕ ನೂರಕ್ಕೆ 68 ಅಂತ ಹಿಡಿಯುತ್ತಾರೆ.

ಆದರೆ ಸುಮ್ನೆ ಡಿಸೈನರ್‌ಗಳನ್ನು ಬೈದು ಲಾಭವಿಲ್ಲ. ಎಲ್ಲ ವಿಭಾಗಕ್ಕೂ ಮುಖಪುಟದಲ್ಲೇ ಜಾಗ ಬೇಕು, ಪುಟ ಗಿಜಿಗಿಜಿ ಆಗುವುದು ಅದರಿಂದ. ನನ್ನ ಪಟ್ಟಿಯಲ್ಲಿ ಈಗ ಅರ್ಧ ಅಂಕ ‘ಬೇಕಾದ್ದು ಸಿಕ್ಕಿತೇ’ ಅನ್ನುವುದಕ್ಕೇ. ಚಂದಕ್ಕೆ ಹತ್ತರಲ್ಲಿ ಒಂದು ಪಾಲು.