ಸಹಾಯ ಬೇಕು: ಹಳೇ ಐಪಿ ಕೆವಿಎಂ ಸ್ವಿಚ್ ತೆರೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಸರ್ವರ್ ಕೋಣೆಯಲ್ಲಿ 8 ಪೋರ್ಟಿನ ಐಪಿ ಕೆವಿಎಂ ಸ್ವಿಚ್ (ಸರ್ವರ್‌ಗಳ ಪರದೆ, ಕೀಬೋರ್ಡ್, ಮೌಸ್ ಅನ್ನು ನೆಟ್‌ವರ್ಕ್ ಮೂಲಕ ದೂರದಿಂದ ಬಳಸಲು ಬಿಡುವ ಸಾಧನ) ಇದೆ. ಸರ್ವರ್ ಬೂಟ್ ಆಗದೆ ನಿಂತಾಗ ಬಯಾಸ್ ಪರದೆಯನ್ನು (ಓಎಸ್ ಶುರುವಾಗುವ ಮೊದಲು ಬರುವ ಪರದೆ) ಮನೆಯಿಂದ ನೋಡಲು ನನಗಿರುವುದು ಇದೊಂದೇ ದಾರಿ. ಆಗ ರಿಮೋಟ್ ಡೆಸ್ಕ್‌ಟಾಪ್ ಕೆಲಸಕ್ಕೆ ಬರುವುದಿಲ್ಲ, ಅಲ್ವಾ?

ಇದರ ವೀಡಿಯೊ ತೆರೆಯಲು ಜಾವಾ ವೆಬ್ ಸ್ಟಾರ್ಟ್ (ವೆಬ್ ಪುಟದಿಂದ ಜಾವಾ ಪ್ರೋಗ್ರಾಂ ಓಡಿಸುವ ಸೌಲಭ್ಯ) ಬೇಕು. ಜಾವಾ 11ರಿಂದ ಅದನ್ನು ತೆಗೆದುಬಿಟ್ಟಿದ್ದಾರೆ. ಹಾಗಾಗಿ ಹಳೇ ಲ್ಯಾಪ್‌ಟಾಪಿನಲ್ಲಿ ಜಾವಾ 8 ಇಟ್ಟುಕೊಂಡಿದ್ದೆ. ಕಳೆದ ವಾರ ಅದು ಕೆಟ್ಟುಹೋಯಿತು. ಬೇರೆ ಲ್ಯಾಪ್‌ಟಾಪಿಗೆ ಜಾವಾ 8ರ ಹೊಸ ಅಪ್‌ಡೇಟ್ ಹಾಕಿದೆ. ಈಗ ಸ್ವಿಚ್ ಕೊಡುವ ವೀಡಿಯೊ ಪ್ರೋಗ್ರಾಂ ಫೈಲಿನ ಎಂಡಿ5 ಸಹಿ (ಹಳೇ, ದುರ್ಬಲ ವಿಧಾನದ ಡಿಜಿಟಲ್ ಸಹಿ) ನೋಡಿ ಜಾವಾನೇ ತಡೆಯುತ್ತಿದೆ. ಜಾವಾದ ಎಕ್ಸೆಪ್ಷನ್ ಸೈಟ್ ಪಟ್ಟಿಗೆ (ನಂಬಬಹುದಾದ ವಿಳಾಸಗಳ ಪಟ್ಟಿ) ಸ್ವಿಚ್ಚಿನ ವಿಳಾಸ ಸೇರಿಸಿದರೂ ಆಗಲಿಲ್ಲ.

ಜಾವಾ ಸೆಕ್ಯುರಿಟಿ ಫೈಲಿನಲ್ಲಿ ಎಂಡಿ5 ತಡೆ ತೆಗೆಯಬಹುದು ಅಂತ ಗೊತ್ತು. ಅದನ್ನು ಒಂದು ವರ್ಚುವಲ್ ಮಷಿನ್ ಒಳಗಷ್ಟೇ ಮಾಡಿದರೆ ಸಾಕಾ? ಸ್ವಿಚ್ ಬೇರೆ ವಿಲ್ಯಾನ್‌ನಲ್ಲಿದೆ (ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗ), ಹೊರಗಿನಿಂದ ವಿಪಿಎನ್ ಮೂಲಕವೇ ಹೋಗಬೇಕು.

ಇನ್ನೊಂದು ದಾರಿ ಸ್ವಿಚ್ಚಿನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ಆದರೆ ನಮ್ಮಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ, ಯುಪಿಎಸ್ ಬ್ಯಾಟರಿಯೂ ಹಳೆಯದು. ನಡುವೆ ನಿಂತರೆ ಸ್ವಿಚ್ಚೇ ಹೋಗಬಹುದು ಅಂತ ನಿಜವಾಗಲೂ ಭಯ. ಹೀಗೆ ನಿಂತ ಸ್ವಿಚ್ಚನ್ನು ಸೀರಿಯಲ್ ಪೋರ್ಟಿನಿಂದ ಯಾರಾದರೂ ಮತ್ತೆ ಎಬ್ಬಿಸಿದ್ದೀರಾ? ಸೋಮವಾರದಿಂದ ಪರೀಕ್ಷೆ, ದಯವಿಟ್ಟು ಬೇಗ ತಿಳಿಸಿ.