ಅವ್ವನ ಮೊಣಕಾಲು ನೋವು: ಫಿಸಿಯೋಥೆರಪಿ ಮುಂದುವರಿಸಬೇಕಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಬಾಗಲಕೋಟೆ, ನವನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 61 ವರ್ಷ. ಎಂಟು ತಿಂಗಳಿಂದ ಎರಡೂ ಮೊಣಕಾಲು ನೋವು, ಬಲಗಾಲಿಗೆ ಜಾಸ್ತಿ. ಎಕ್ಸ್‌ರೇ ತೆಗೆಸಿದೆವು. ಸಂದು ಸವೆದಿದೆ, ಈಗಲೇ ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಅಂದರು. ಹತ್ತು ದಿನ ಹೋಗಿ ಮೊಣಕಾಲಿಗೆ ಮಷೀನಿನಿಂದ ಸಣ್ಣ ಕರೆಂಟ್ ಕೊಡಿಸಿಕೊಂಡು ಬಂದಳು. ಆ ಹತ್ತು ದಿನ ಹಗುರ ಅನಿಸಿತು. ಬಿಟ್ಟ ಒಂದೇ ವಾರಕ್ಕೆ ಮತ್ತೆ ಮೊದಲಿನ ಹಾಗೇ ಆಯಿತು. ಈಗ "ಅದೆಲ್ಲ ಸುಮ್ನೆ ರೊಕ್ಕ ದಂಡ" ಅನ್ನುತ್ತಾಳೆ. ನೆಲಕ್ಕೆ ಕೂತು ರೊಟ್ಟಿ ಬಡಿಯುವುದು ಬಿಟ್ಟು ಮೂರು ತಿಂಗಳಾಯಿತು, ಅದೇ ಅವಳಿಗೆ ದೊಡ್ಡ ಕೊರಗು. ವ್ಯಾಯಾಮ ಮಾಡಿದರೆ ಇನ್ನಷ್ಟು ಸವೆಯುತ್ತದೆ ಅಂತ ಅಕ್ಕಪಕ್ಕದವರು ಬೇರೆ ಹೆದರಿಸಿದ್ದಾರೆ. ಮೊಣಕಾಲು, ಟೊಂಕ, ಭುಜ, ಯಾವ ನೋವೇ ಇರಲಿ, ವ್ಯಾಯಾಮದಿಂದ ಗುಣ ಕಂಡವರು ಇದ್ದರೆ ಏನು ಮಾಡಿದಿರಿ, ಎಷ್ಟು ದಿನ ಹಿಡಿಯಿತು, ದಯವಿಟ್ಟು ಬರೆಯಿರಿ.

ಬೆಳಗಾವಿ, ಟಿಳಕವಾಡಿಯಿಂದ

ತಮ್ಮಾ, ನಿಮ್ಮ ಅವ್ವನ ಮಾತು ಓದಿ ನನ್ನದೇ ಕಥೆ ಅನಿಸಿತು. ನನಗೀಗ 63. ಮೂವತ್ತು ವರ್ಷ ಶಾಲೆಯಲ್ಲಿ ನಿಂತು ಪಾಠ ಮಾಡಿದ ಕಾಲು. ನಿವೃತ್ತಿಗೆ ಎರಡು ವರ್ಷ ಇರುವಾಗ ಬಲಮೊಣಕಾಲು ಹಿಡಿದುಕೊಂಡಿತು. ಬೆಳಿಗ್ಗೆ ಎದ್ದ ಕೂಡಲೇ ಕಾಲು ಬಿರುಸು. ಹತ್ತು ಹೆಜ್ಜೆ ಹಾಕಿದ ಮೇಲೆ ಸಡಿಲ ಆಗುತ್ತಿತ್ತು. ಮೆಟ್ಟಿಲು ಇಳಿಯುವಾಗಂತೂ ಕಣ್ಣಲ್ಲಿ ನೀರು.

ನಾನು ಮೊದಲು ಹೋದ ಕಡೆಯಲ್ಲೂ ಹದಿನೈದು ದಿನ ಬರೀ ಮಷೀನು. ಮಲಗಿಸಿ, ಪ್ಯಾಡು ಅಂಟಿಸಿ, ಇಪ್ಪತ್ತು ನಿಮಿಷ ಬಿಟ್ಟು ಹೋಗುತ್ತಿದ್ದರು. ಒಂದು ದಿನವೂ ನನ್ನನ್ನು ನಡೆಸಿ ನೋಡಲಿಲ್ಲ. ನೋವು ಕಡಿಮೆಯಾಗಿ ಮತ್ತೆ ಬಂತು. ನಾನೂ ನಿಮ್ಮ ಅವ್ವನ ಹಾಗೇ ಸಿಟ್ಟಾಗಿ ಬಿಟ್ಟೆ. ಆರು ತಿಂಗಳು ಗುಳಿಗೆ, ಎಣ್ಣೆ ತಿಕ್ಕುವುದು, ಮೊಣಕಾಲಿಗೆ ಪಟ್ಟಿ. ನಡೆದರೆ ನೋಯುತ್ತದೆ ಅಂತ ನಡೆಯುವುದನ್ನೇ ಕಡಿಮೆ ಮಾಡಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಎರಡನೇ ಸಲ ಹೋದಾಗ ಸಿಕ್ಕ ಹುಡುಗಿ ಮಷೀನಿನ ಹತ್ತಿರವೇ ಕರೆದುಕೊಂಡು ಹೋಗಲಿಲ್ಲ. ಕಾಲು ಚಾಚಿ ಕೂರಿಸಿ, "ನಿಮ್ಮ ಎರಡೂ ತೊಡೆ ನೀವೇ ಮುಟ್ಟಿ ನೋಡಿ ಟೀಚರ್" ಅಂದಳು. ಎಡತೊಡೆ ಗಟ್ಟಿ ಇತ್ತು. ಬಲತೊಡೆ ನಾದಿದ ಹಿಟ್ಟಿನ ಹಾಗೆ ಮೆತ್ತಗೆ. ನನ್ನದೇ ಕಾಲು, ನನಗೇ ಗೊತ್ತಿರಲಿಲ್ಲ! ನೋವು ಅಂತ ಆ ಕಾಲಿನ ಮೇಲೆ ಭಾರ ಹಾಕದೆ ಹಾಕದೆ ತೊಡೆ ಸೊರಗಿತ್ತು. ನಡೆಯುವಾಗ ಬೀಳುವ ಭಾರವನ್ನು ತೊಡೆಯ ಮುಂದಿನ ಮಾಂಸಖಂಡ ಹೊರಬೇಕು. ಅದು ಹೊರದಿದ್ದರೆ ಎಲ್ಲ ಸಂದಿನ ಮೇಲೆ. ಸವೆದದ್ದು ಸವೆದಿದೆ ಟೀಚರ್, ಮಾಂಸಖಂಡ ಮಾತ್ರ ಯಾವ ವಯಸ್ಸಿನಲ್ಲೂ ಬೆಳೆಯುತ್ತದೆ ಅಂದಳು. ಆ ಒಂದು ಮಾತಿಗೆ ನಾನು ಕೂತೆ.

ಮೊದಲ ವ್ಯಾಯಾಮ ಇಷ್ಟೇ. ಹಳೇ ಟವೆಲ್ ಸುರುಳಿ ಸುತ್ತಿ ಮೊಣಕಾಲಿನ ಕೆಳಗೆ ಇಡುವುದು. ಕಾಲು ಚಾಚಿ, ಮೊಣಕಾಲಿನ ಹಿಂಬದಿಯಿಂದ ಟವೆಲನ್ನು ಕೆಳಗೆ ಒತ್ತುವುದು. ಒತ್ತಿದಾಗ ತೊಡೆ ಗಟ್ಟಿಯಾಗಿ ಮೊಣಕಾಲಿನ ಚಿಪ್ಪು ಸ್ವಲ್ಪ ಮೇಲಕ್ಕೆ ಸರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಣಿಸುವಾಗ ಬಾಯಿಬಿಟ್ಟು ಎಣಿಸಿ ಅಂದಿದ್ದಳು, ಉಸಿರು ಕಟ್ಟಬಾರದು ಅಂತ. ಆಮೇಲೆ ಮಲಗಿ ಕಾಲು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು.

ಮೂರನೇ ವಾರ ಕುರ್ಚಿಯಿಂದ ಎದ್ದು ಕೂರುವುದು ಶುರುವಾಯಿತು. ಕೈ ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿ ಹಿಡಿಯದೆ ಏಳಬೇಕು. ಏಳಲಿಕ್ಕೇ ಆಗಲಿಲ್ಲ. ಆಗ ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಟ್ಟಳು. ತಿಂಗಳಿಗೆ ಒಂದು ದಿಂಬು ತೆಗೆದೆವು, ಮತ್ತೊಂದು ತಿಂಗಳಿಗೆ ಇನ್ನೊಂದು. ನಮ್ಮಪ್ಪ ಗರಡಿಮನೆಯಲ್ಲಿ ಸಾಮು ಮಾಡಿದವರು, ಸಣ್ಣವಳಿದ್ದಾಗ ಅವರ ಬೈಠಕ್ (ಕುಕ್ಕರುಗಾಲಲ್ಲಿ ಕೂತು ಏಳುವುದು) ಎಣಿಸುವ ಕೆಲಸ ನನ್ನದು. ಕುರ್ಚಿಯಿಂದ ಎದ್ದು ಕೂರುವುದು ಅಂದರೆ ಅರ್ಧ ಬೈಠಕ್ಕೇ ಅಲ್ವಾ? ಹೊಸ ಹುಡುಗನಿಗೆ ಉಸ್ತಾದರು ಮೊದಲ ದಿನವೇ ನೂರು ಹೊಡೆ ಅನ್ನುವುದಿಲ್ಲ. ನಿಮ್ಮ ಅವ್ವನಿಗೂ ಹಾಗೇ ಹೇಳಿ.

ಎಷ್ಟು ದಿನ ಹಿಡಿಯಿತು ಅಂತ ಕೇಳಿದ್ದೀರಿ. ಮೂರು ವಾರ ಏನೂ ಗೊತ್ತಾಗಲಿಲ್ಲ. ಬಿಟ್ಟುಬಿಡುವ ಮನಸ್ಸಾಗಿತ್ತು. ಆರನೇ ವಾರ ಸಿಬಿಟಿ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿ ಕೂತ ಮೇಲೆ ಹೊಳೆಯಿತು, ಕಂಬಿ ಹಿಡಿದು ಮೈ ಎಳೆದುಕೊಳ್ಳದೆ ಹತ್ತಿದ್ದೇನೆ ಅಂತ. ಮೂರು ತಿಂಗಳಿಗೆ ಗುಳಿಗೆ ಬಿಟ್ಟೆ. ಮೊದಲು ನಮ್ಮ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಹತ್ತು ನಿಮಿಷ ನಡೆದರೆ ಸಾಕಾಗುತ್ತಿತ್ತು, ಈಗ ಅರ್ಧ ಗಂಟೆ. ನಮ್ಮ ಬೆಳಗಾವಿ ಮಳೆಗಾಲ ಗೊತ್ತಲ್ಲ, ಆಗ ಪಡಸಾಲೆಯಲ್ಲೇ ಸುತ್ತು. ತೂಕ ಒಂದು ವರ್ಷದಲ್ಲಿ ಐದು ಕಿಲೋ ಇಳಿಯಿತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ ಅಂತ ಲೆಕ್ಕ. ಅಂದರೆ ಹೆಜ್ಜೆಗೆ ಇಪ್ಪತ್ತು ಕಿಲೋ. ಸಣ್ಣ ಮಾತಲ್ಲ.

ಮೆಟ್ಟಿಲಿಗೆ ಒಂದು ಉಪಾಯ: ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿದರೆ ನೋವಿನ ಕಾಲಿನ ಆಚೆ ಬದಿಯ ಕೈಯಲ್ಲಿ. ಇನ್ನು ರೊಟ್ಟಿ. ನಾನು ನಿಂತು ಕಟ್ಟೆಯ ಮೇಲೆ ಬಡಿಯುವುದನ್ನು ರೂಢಿ ಮಾಡಿಕೊಂಡೆ. ಮೊದಲ ವಾರ ರೊಟ್ಟಿ ಸೊಟ್ಟ ಬಂದವು, ಆಮೇಲೆ ಕೈ ಕೂತಿತು. ಅವ್ವನಿಗೆ ಕಟ್ಟೆ ಎತ್ತರವಾದರೆ ಕಾಲ ಕೆಳಗೆ ಅಗಲವಾದ, ಅಲುಗಾಡದ ಮಣೆ ಹಾಕಿಕೊಡಿ. ಅವರು ರೊಟ್ಟಿ ಬಡಿಯುವುದು ನಿಲ್ಲಿಸಬೇಡಿ ತಮ್ಮಾ. ಜೀವ ಇರುವುದೇ ಅಂಥ ಕೆಲಸದಲ್ಲಿ.

ಗುಳೇದಗುಡ್ಡದಿಂದ

ನಾನು ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವವನು. ಕುಣಿ ಮಗ್ಗ. ಕಾಲು ಕುಣಿಯೊಳಗೆ, ಟೊಂಕ ಮುಂದಕ್ಕೆ ಬಾಗಿ, ದಿನಕ್ಕೆ ಎಂಟು ಒಂಬತ್ತು ತಾಸು. 44ನೇ ವಯಸ್ಸಿಗೆ ಟೊಂಕ ಹಿಡಿದು ಎಡಗಾಲಿನ ಪಿಕ್ಕೆವರೆಗೂ ಸೆಳೆತ ಬಂತು. ಸ್ಕ್ಯಾನ್‌ನಲ್ಲಿ ಡಿಸ್ಕ್ ಸರಿದಿದೆ ಅಂತ ಬಂತು. ಯಾರೋ ಒಂದು ತಿಂಗಳು ಮಲಗಬೇಕು ಅಂದರು, ಮಲಗಿದೆ. ಎದ್ದಾಗ ಮೊದಲಿಗಿಂತ ಕಡೆ ಆಗಿದ್ದೆ. ಮಗ್ಗ ನಿಂತಿತ್ತು, ಕೈಯಲ್ಲಿ ರೊಕ್ಕ ಇರಲಿಲ್ಲ, ಕಾಲಲ್ಲಿ ಕಸುವೂ ಇರಲಿಲ್ಲ.

ಆಮೇಲೆ ತೋರಿಸಿದ ಡಾಕ್ಟರು ಮಲಗಬೇಡ, ನಡೆ ಅಂದರು. ಮೊದಲು ಐದು ನಿಮಿಷ, ದಿನಕ್ಕೆ ಆರು ಸಲ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು ಹೇಳಿಕೊಟ್ಟರು. ಸೆಳೆತ ಪಿಕ್ಕೆಯಿಂದ ತೊಡೆಗೆ, ತೊಡೆಯಿಂದ ಟೊಂಕಕ್ಕೆ ಏರಿ ಬಂದರೆ ಒಳ್ಳೇದು, ಕೆಳಗಿಳಿದರೆ ನಿಲ್ಲಿಸು ಅಂದರು. ನನಗೆ ಹಾಗೇ ಮೇಲೇರಿತು. ಎರಡು ತಿಂಗಳಿಗೆ ಮಗ್ಗಕ್ಕೆ ಕೂತೆ.

ಅರ್ಧ ಗಂಟೆಗೊಮ್ಮೆ ಏಳಬೇಕು ಅಂದಿದ್ದರು. ನೇಯುವವನಿಗೆ ಗಡಿಯಾರ ಯಾರು ನೋಡುತ್ತಾರೆ? ಲಾಳಿಯೊಳಗಿನ ನೂಲು ಮುಗಿಯುತ್ತದಲ್ಲ, ಅದನ್ನೇ ಲೆಕ್ಕ ಇಟ್ಟುಕೊಂಡೆ. ನಾಲ್ಕು ಸಲ ನೂಲು ಬದಲಿಸಿದರೆ ಒಮ್ಮೆ ಕುಣಿಯಿಂದ ಮೇಲೆ ಬಂದು, ಟೊಂಕದ ಮೇಲೆ ಕೈ ಇಟ್ಟು ಹಿಂದಕ್ಕೆ ಬಾಗಿ, ಹಿತ್ತಲ ತನಕ ಹೋಗಿ ಬರುತ್ತೇನೆ. ದಿನಕ್ಕೆ ಸ್ವಲ್ಪ ಕಡಿಮೆ ನೇಯ್ದರೂ ತಿಂಗಳಿಗೆ ರಜೆ ಬೀಳುವುದಿಲ್ಲ. ಆರು ವರ್ಷ ಆಯಿತು.

ವಿಜಯಪುರದಿಂದ, ಕಿರಾಣಿ ಅಂಗಡಿ

ನನ್ನದು ಭುಜ. ಸಕ್ಕರೆ ಕಾಯಿಲೆ ಇದೆ. ಅಂಥವರಿಗೆ ಭುಜ ಹಿಡಿದುಕೊಳ್ಳುವುದು ಜಾಸ್ತಿಯಂತೆ. ಮೇಲಿನ ಹಲಗೆಯ ಡಬ್ಬಿ ಇಳಿಸಲು ಆಗುತ್ತಿರಲಿಲ್ಲ, ಅಂಗಿ ತೋಳಿಗೆ ಕೈ ಹೋಗುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಮೇಲಕ್ಕೆ ಹತ್ತಿಸುವ ವ್ಯಾಯಾಮ ಕೊಟ್ಟರು. ಅಂಗಡಿಯ ಬಾಗಿಲ ಪಕ್ಕದ ಗೋಡೆಗೆ ಪ್ರತಿ ಭಾನುವಾರ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಮೊದಲ ಗೆರೆ ಎದೆಮಟ್ಟಕ್ಕಿತ್ತು. ಕೆಲವು ವಾರ ಗೆರೆಯ ಮೇಲೇ ಗೆರೆ, ಒಂದು ಬೆರಳೂ ಮೇಲೇರಲಿಲ್ಲ. ಪೂರ್ತಿ ಕೈ ಎತ್ತಲು ಹದಿನಾಲ್ಕು ತಿಂಗಳು ಬೇಕಾಯಿತು. ಇದು ನಿಧಾನದ ಕಾಯಿಲೆ, ಒಂದರಿಂದ ಮೂರು ವರ್ಷ ಹಿಡಿಯಬಹುದು ಅಂತ ಮೊದಲೇ ಹೇಳಿದ್ದರಿಂದ ಧೈರ್ಯ ಕೆಡಲಿಲ್ಲ. ಅವ್ವನಿಗೂ ಮೊದಲೇ ಹೇಳಿಬಿಡಿ, ತಿಂಗಳುಗಳ ಕೆಲಸ ಅಂತ.

ವಿಜಯಪುರದಿಂದ ಇನ್ನೊಬ್ಬರು

ನಾನು ಸೈಕ್ಲಿಂಗ್ ಮಾಡುವವನು, 19 ವರ್ಷ. ವಯಸ್ಸಾದವರ ನಡುವೆ ಬರೆಯುತ್ತಿದ್ದೇನೆ, ಆದರೂ ಹೇಳುತ್ತೇನೆ. ನಮ್ಮ ಊರಲ್ಲಿ ಸೈಕಲ್ ಹುಡುಗರು ಬಹಳ, ಮೊಣಕಾಲಿನ ಮುಂಭಾಗ ನೋವು ಅನ್ನುವವರೂ ಬಹಳ. ನನ್ನ ಸೀಟು ಎರಡು ಬೆರಳು ಕೆಳಗಿತ್ತು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಬೆರಳಿನ ಬುಡದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗುತ್ತದೆ, ಅದು ಸರಿಯಾದ ಅಳತೆ. ಇನ್ನೊಂದು ತಪ್ಪು, ಒಂದೇ ವಾರದಲ್ಲಿ 40 ಕಿಲೋಮೀಟರನ್ನು 80 ಮಾಡಿದ್ದು. ಸೀಟು ಏರಿಸಿ, ದೂರ ಕಡಿಮೆ ಮಾಡಿ, ವಾರಕ್ಕೆ ಎರಡು ದಿನ ಸೊಂಟ ಮತ್ತು ತೊಡೆಯ ವ್ಯಾಯಾಮ ಸೇರಿಸಿದೆ. ನೋವು ಹೋಯಿತು. ಏರಿನಲ್ಲಿ ಮೊದಲಿಗಿಂತ ಬಲವಾಗಿ ತುಳಿಯುತ್ತೇನೆ.

ಬೆಳಗಾವಿಯಿಂದ, ಫಿಸಿಯೋಥೆರಪಿಸ್ಟ್

ಎಲ್ಲರದೂ ಓದಿದೆ. ಟೀಚರ್ ಹೇಳಿದ ಕ್ರಮ ಸರಿಯಾಗಿದೆ. ಕರೆಂಟ್, ಶಾಖ ಎಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಕಸುವು ಕೊಡುವುದಿಲ್ಲ. ನೋವು ತಗ್ಗಿದ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸದಿದ್ದರೆ ಅರ್ಧ ಚಿಕಿತ್ಸೆಯೇ ಆದ ಹಾಗೆ.

ವ್ಯಾಯಾಮದಿಂದ ಸಂದು ಸವೆಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸಂದಿನ ಮೆತ್ತನೆಯ ಹೊದಿಕೆಗೆ ನೇರ ರಕ್ತನಾಳಗಳಿಲ್ಲ. ಕಾಲು ಮಡಚಿ ಚಾಚುವಾಗ ಒಳಗಿನ ದ್ರವ ಓಡಾಡಿಯೇ ಅದಕ್ಕೆ ಪೋಷಣೆ ಸಿಗುವುದು. ಎಕ್ಸ್‌ರೇ ನೋಡಿಯೂ ಅಷ್ಟು ಹೆದರಬೇಡಿ. ಚಿತ್ರದಲ್ಲಿ ಬಹಳ ಸವೆದು ಆರಾಮಾಗಿ ಓಡಾಡುವವರನ್ನು ದಿನಾ ನೋಡುತ್ತೇನೆ.

ಎಷ್ಟು ನೋವು ತಡೆದುಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ವ್ಯಾಯಾಮದ ವೇಳೆ ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಅವ್ವನನ್ನು ಒಮ್ಮೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಎದ್ದು ಕೂರುತ್ತಾರೆ ನೋಡಿ, ಪಕ್ಕದಲ್ಲೇ ನಿಂತಿರಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕಡಿಮೆ ಇದೆ ಅಂತ ಅರ್ಥ. ಆ ಸಂಖ್ಯೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ.

ನೇಕಾರ ಅಣ್ಣನವರ ಬೋರಲು ಮಲಗುವ ವ್ಯಾಯಾಮ ಎಲ್ಲರಿಗೂ ಅಲ್ಲ. ವಯಸ್ಸಾದ ಕೆಲವರಿಗೆ ಬೆನ್ನೆಲುಬಿನೊಳಗಿನ ನರದ ದಾರಿ ಕಿರಿದಾಗಿ, ಮುಂದೆ ಬಾಗಿದರೇ ಹಗುರ ಅನಿಸುತ್ತದೆ. ಅವರಿಗೆ ಹಿಂದಕ್ಕೆ ಬಾಗುವುದು ನೋವು ಹೆಚ್ಚಿಸುತ್ತದೆ. ತೋರಿಸಿಯೇ ಮಾಡಿ.

ಕೆಲವಕ್ಕೆ ಮಾತ್ರ ಕಾಯಲೇಬೇಡಿ, ತಕ್ಷಣ ದವಾಖಾನೆಗೆ ಹೋಗಿ. ಟೊಂಕ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ. ಮೊಣಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ಜ್ವರ ಬಂದರೆ. ಬಿದ್ದ ಮೇಲೆ ಕಾಲು ಊರಲು ಆಗದಿದ್ದರೆ. ಒಂದೇ ಕಾಲಿನ ಪಿಕ್ಕೆ ಊದಿ ನೋಯುತ್ತಿದ್ದರೆ. ನೋವಿನ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿಸಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಮತ್ತೆ ನವನಗರದಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಟೀಚರ್ ಅವರ ತೊಡೆಯ ಮಾತು ಬಂದಾಗ ಸುಮ್ಮನೆ ತನ್ನ ಎರಡೂ ತೊಡೆ ಮುಟ್ಟಿ ನೋಡಿಕೊಂಡಳು, ಏನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಕುರ್ಚಿಯಿಂದ ಏಳಿಸಿ ಎಣಿಸಿದೆವು. ಐದು ಸಲ ಎದ್ದಳು, ಆರನೆಯದಕ್ಕೆ ಕೈ ಊರಿದಳು. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಪಕ್ಕ 5 ಅಂತ ಬರೆದಿದ್ದೇನೆ. ನಾಳೆ ಮತ್ತೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ, ಈ ಸಲ ವ್ಯಾಯಾಮ ಕಲಿಸಿ ಅಂತಲೇ ಕೇಳುತ್ತೇನೆ. ಸಂಜೆ ಬಡಿಗೇರ ಕಾಕಾನ ಹತ್ತಿರ ಮಣೆಯ ಅಳತೆ ಕೊಟ್ಟು ಬರಬೇಕು.