1.9 ಜಿಬಿ ಇದ್ದ ಅಜ್ಜಿ ಪದಗಳು 21 ಎಂಬಿ ಹೆಂಗಾದ್ವು?

ಮಂಡ್ಯ_ಹೈದ:
ನಮ್ಮಜ್ಜಿ ಹಾಡಿದ್ದ ಸೋಬಾನೆ ಪದ ಎರಡು ಕ್ಯಾಸೆಟ್ಟಲ್ಲಿತ್ತು, ಒಂದೊಂದು 90 ನಿಮಿಷದ್ದು. ಮೈಸೂರಲ್ಲಿರೋ ಚಿಕ್ಕಪ್ಪನ ಮಗ ಹಳೇ ಟೇಪ್‌ರೆಕಾರ್ಡರ್‌ನ ಲ್ಯಾಪ್‌ಟಾಪಿಗೆ ಸಿಗಾಕಿ ರೆಕಾರ್ಡ್ ಮಾಡ್ಕೊಟ್ಟ, ವೇವ್ ಫೈಲು 1.9 ಜಿಬಿ ಬಂತು. ನಮ್ಮೂರಿನ ನೆಟ್‌ವರ್ಕಲ್ಲಿ ಅಷ್ಟು ದೊಡ್ಡದು ಅತ್ತೆಗೆ ಕಳ್ಸಕ್ಕಾಗ್ಲಿಲ್ಲ ಅಂತ ಅವ್ನೇ ಓಪಸ್ ಅಂತ ಇನ್ನೊಂದು ಫೈಲ್ ಮಾಡ್ದ, ನೋಡಿದ್ರೆ ಬರೀ 21 ಎಂಬಿ! ಅದೇ ಮೂರು ಗಂಟೆ, ಒಂದು ಪದಾನೂ ಮಿಸ್ಸಾಗಿಲ್ಲ. ಮಿಕ್ಕಿದ್ದೆಲ್ಲ ಎಲ್ಲೋಯ್ತು? ದೊಡ್ಡದನ್ನ ಡಿಲೀಟ್ ಮಾಡ್ಲಾ, ಜಾಗ ಇಲ್ಲ.

ಸರಸ್ವತಿಪುರಂ_ಸ್ಪೀಕರ್:
ಡಿಲೀಟ್ ಮಾತ್ರ ಮಾಡ್ಬೇಡಿ!! ವೇವಲ್ಲಿ ಸೆಕೆಂಡಿಗೆ 44,100 ಸಲ ಸದ್ದನ್ನ ಅಳೆದು ಒಂದೊಂದನ್ನೂ 16 ಬಿಟ್‌ನಲ್ಲಿ ಬರ್ದಿಡುತ್ತೆ, ಅದೂ ಎಡಕ್ಕೊಂದು ಬಲಕ್ಕೊಂದು. ಸೆಕೆಂಡಿಗೆ 1,76,400 ಬೈಟ್. ಅಜ್ಜಿ ಉಸಿರು ತಗೊಳಕ್ಕೆ ನಿಲ್ಸಿದ್ರೂ ಅಷ್ಟೇ. ನಿಮ್ಮ ಓಪಸ್ ಫೈಲು ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಸುಮಾರು 2,000 ಬೈಟ್, ಅಂದ್ರೆ 16 ಕೆಬಿಪಿಎಸ್ (ಸೆಕೆಂಡಿಗೆ 16 ಸಾವಿರ ಬಿಟ್, 8 ಬಿಟ್‌ಗೆ ಒಂದು ಬೈಟ್) ಸೆಟ್ ಮಾಡಿದ್ದಾನೆ. ಟೇಪ್‌ರೆಕಾರ್ಡರ್‌ಗೆ ಇದ್ದಿದ್ದು ಒಂದೇ ಮೈಕು ಆಗಿದ್ರೆ ಎಡ ಬಲ ಎರಡೂ ಅದೇ, ಒಂದು ತೆಗುದ್ರೆ ಅಲ್ಲೇ ಅರ್ಧ ಹೋಯ್ತು. ಆಮೇಲೆ ನೋಡಿ, ದನಿ ಬರೋದು ಗಂಟಲು ಬಾಯಿಂದ ತಾನೆ, ಬಾಯಿ ಆಕಾರ ಸೆಕೆಂಡಿಗೆ ಸಾವಿರ ಸಲ ಬದಲಾಗಲ್ಲ, ಅದ್ಕೆ 20 ಮಿಲಿಸೆಕೆಂಡಿನ ಚೂರುಚೂರು ಮಾಡ್ಕೊಂಡು, ಹಿಂದಿನ ಅಲೆ ನೋಡಿ ಮುಂದಿಂದು ಹಿಂಗಿರುತ್ತೆ ಅಂತ ಊಹೆ ಮಾಡಿ, ಊಹೆ ತಪ್ಪಿದ್ದಷ್ಟನ್ನ ಮಾತ್ರ, ಅದೂ ಅಂದಾಜಿಗೆ, ಬರ್ದಿಡುತ್ತೆ. ವಾಟ್ಸಾಪ್ ವಾಯ್ಸ್ ನೋಟೂ ಇದೇ ಓಪಸ್ಸೇ. 2012ರಲ್ಲಿ ಸ್ಟ್ಯಾಂಡರ್ಡ್ ಆಗಿದ್ದು, 6 ಕೆಬಿಪಿಎಸ್‌ವರೆಗೂ ಇಳಿಸ್ಬೋದು.

ಆಲೆಮನೆ_ಬೆಲ್ಲ:
ಕಿವಿ ವಿಷ್ಯ ಬಿಟ್ರಲ್ಲ ಸಾ. ಗಾಣದ ಇಂಜಿನ್ ಓಡ್ತಿರೋವಾಗ ಪಕ್ಕದಲ್ಲೊಬ್ಬ ಬೆಂಕಿಕಡ್ಡಿ ಗೀರಿದ್ರೆ ಕೇಳುತ್ತಾ? ಜೋರು ಸದ್ದಿನ ಮರೇಲಿ ಕೇಳದೇ ಇರೋದನ್ನ ಯಾಕೆ ಬರ್ದಿಡ್ಬೇಕು ಅಂತ ಬಿಟ್ಬಿಡೋದು, ಎಂಪಿ3 ನಿಂತಿರೋದೇ ಇದ್ರ ಮೇಲೆ. ಜಿಪ್ ಫೈಲ್ ತರ ಬಿಚ್ಚಿದ್ರೆ ಮೊದ್ಲಿನಂಗೇ ವಾಪಸ್ ಬರೋದಲ್ಲ ಕಣಣ್ಣ ಇದು, ಬೆಲ್ಲಕ್ಕೆ ನೀರು ಸುರುದ್ರೆ ಕಬ್ಬಿನಹಾಲು ಆಗ್ತದಾ? ಜಾಗ ಬೇಕಂದ್ರೆ ವೇವ್ ಫೈಲ್‌ನ ಫ್ಲಾಕ್ ಅನ್ನೋ ಫಾರ್ಮ್ಯಾಟಿಗೆ ಮಾಡಿ ಇಟ್ಕೊ, ಅರ್ಧದ ಆಸುಪಾಸಿಗೆ ಬರ್ತದೆ, ಒಂದು ಬಿಟ್ಟೂ ಹೋಗಲ್ಲ. ಟೇಪು ಜಾಸ್ತಿ ಸುಸ್ಸ್ ಅಂತಿದ್ರೆ ಅಷ್ಟು ಇಳಿಯಲ್ಲ, ಆ ಗದ್ದಲನ ಯಾವನೂ ಊಹೆ ಮಾಡಕ್ಕಾಗಲ್ಲ.

ಮಂಡ್ಯ_ಹೈದ:
ಈಗ ಇಯರ್‌ಫೋನ್ ಹಾಕ್ಕೊಂಡು ಎರಡೂ ಕೇಳ್ದೆ. ಅಜ್ಜಿ ತಾಳಕ್ಕೆ ಕೈ ತಟ್ಟೋವಾಗ ಗಾಜಿನ ಬಳೆ ಗಲ್ ಅನ್ನೋದು ದೊಡ್ಡ ಫೈಲಲ್ಲಿ ಚೆನ್ನಾಗಿ ಕೇಳುತ್ತೆ, ಚಿಕ್ಕದ್ರಲ್ಲಿ ಯಾರೋ ಪೇಪರ್ ಮುದುರಿದಂಗೆ 😐

ಸರಸ್ವತಿಪುರಂ_ಸ್ಪೀಕರ್:
ಬಳೆ ಸದ್ದಲ್ಲಿ ಮೇಲಿನ ಫ್ರೀಕ್ವೆನ್ಸಿನೇ ಜಾಸ್ತಿ, 16 ಕೆಬಿಪಿಎಸ್‌ನಲ್ಲಿ ಸಾಮಾನ್ಯವಾಗಿ 8,000 ಹರ್ಟ್ಸ್ ಮೇಲಿಂದು ಕಟ್ ಆಗುತ್ತೆ. 64 ಹಾಕಿ, 86 ಎಂಬಿ ಆಗುತ್ತೆ ಅಷ್ಟೇ. ಆದ್ರೆ ವೇವ್ ಫೈಲಿಂದ್ಲೇ ಮತ್ತೆ ಮಾಡ್ಸಿ, ಆ 21 ಎಂಬಿದನ್ನೇ 64ಕ್ಕೆ ಏರಿಸಿದ್ರೆ ಫೈಲು ದಪ್ಪ ಆಗುತ್ತೆ, ಬಳೆ ಬರಲ್ಲ.